ಗೆಳೆಯನಿಗೊಂದು ಪತ್ರ: ಓಡುತ್ತಲೇ ಉಳಿದ ಟ್ರಾಮುಗಳು

ಪ್ರೀತಿಯ ಗೆಳೆಯಾ,

ಊರಲ್ಲಿ ಮಳೆ ಚೆನ್ನಾಗಿ ಹಿಡಿದಿದೆ ಅಂತ ಬರೆದಿದ್ದೆ. ಓದಿ ಖುಷಿಯಾಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ಈಗ ಬೇಸಿಗೆ. ರಾತ್ರಿ ಒಂಬತ್ತಾದರೂ ಬೆಳಕು ಇರುತ್ತದೆ. ರಜೆ ಸಿಕ್ಕಾಗಲೆಲ್ಲ ನಾನು ಹೋಗುವ ಜಾಗದ ಬಗ್ಗೆ ಒಮ್ಮೆ ಪೂರ್ತಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆ ಜಾಗದ ಹೆಸರು ಕ್ರಿಚ್. ಡರ್ಬಿಶೈರಿನ ಗುಡ್ಡದ ಮೇಲಿನ ಒಂದು ಹಳ್ಳಿ. ಊರಿನ ರಸ್ತೆಯಲ್ಲೇ ಹಾಸಿದ ಹಳಿ ಮೇಲೆ ಓಡುವ ಗಾಡಿಗಳ, ಅಂದರೆ ಟ್ರಾಮುಗಳ, ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂ ಇರುವುದು ಅಲ್ಲೇ.

ಮ್ಯೂಸಿಯಂ ಅಂದ ಕೂಡಲೇ ಗಾಜಿನ ಪೆಟ್ಟಿಗೆ, ‘ಮುಟ್ಟಬೇಡಿ’ ಬೋರ್ಡು ನೆನಪಾಗುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಗೇಟಿನಲ್ಲಿ ಟಿಕೆಟ್ ಕೊಂಡರೆ ಕೈಗೆ ಒಂದು ಹಳೆಯ ಪೆನ್ನಿ ಕೊಡುತ್ತಾರೆ. 1971ರಲ್ಲಿ ಬ್ರಿಟನ್ ನಾಣ್ಯಪದ್ಧತಿ ಬದಲಿಸುವ ಮುಂಚೆ ಚಲಾವಣೆಯಲ್ಲಿದ್ದ ದೊಡ್ಡ ತಾಮ್ರದ ಬಣ್ಣದ ನಾಣ್ಯ. ಟ್ರಾಮ್ ಹತ್ತಿ ಅದನ್ನು ಕಂಡಕ್ಟರಿಗೆ ಕೊಟ್ಟರೆ ಟಿಕೆಟ್ ಸಿಗುತ್ತದೆ. ಆಮೇಲೆ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಬಹುದು. ನೂರು ವರ್ಷ ದಾಟಿದ ಗಾಡಿಗಳು, ತಲೆ ಮೇಲಿನ ತಂತಿಯಿಂದ ಕರೆಂಟು ತೆಗೆದುಕೊಂಡು, ಜನರನ್ನು ಕೂರಿಸಿಕೊಂಡು ಓಡುತ್ತವೆ.

ಇದು ಶುರುವಾದ ಕಥೆ ನನಗೆ ಬಹಳ ಇಷ್ಟ. 1948ರಲ್ಲಿ ಸೌತಾಂಪ್ಟನ್ ಊರಿನವರು ತಮ್ಮ ಟ್ರಾಮುಗಳನ್ನು ಮೂಲೆಗೆ ಹಾಕುತ್ತಿದ್ದರು. ಕೊನೆಯದಾಗಿ ಒಂದು ಸುತ್ತು ಹೋಗಿಬರೋಣ ಅಂತ ಕೆಲವು ಟ್ರಾಮ್ ಪ್ರಿಯರು ಅಲ್ಲಿಗೆ ಹೋದರು. ಅವರು ಹತ್ತಿದ 45ನೇ ನಂಬರಿನ ಗಾಡಿ 1903ರದ್ದು. ಮಹಡಿಗೆ ಛಾವಣಿ ಇಲ್ಲ. ಆ ಊರಿನ ಬಾರ್‌ಗೇಟ್ ಎಂಬ ಹಳೆಯ ಕೋಟೆಬಾಗಿಲಿನ ಕಮಾನು ಬಹಳ ತಗ್ಗು. ಅಂಚಿನಲ್ಲಿ ಕೂತವರ ತಲೆ ಬಡಿಯಬಾರದು ಅಂತ ಮಹಡಿಯ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಹಾಗೆ ಬೆಂಚು ಹಾಕಿದ್ದರು. ಗುಜರಿಗೆ ಹೋಗಲಿದ್ದ ಆ ಗಾಡಿಯನ್ನು ಈ ಜನ 10 ಪೌಂಡಿಗೆ ಕೊಂಡರು. ಇಡುವುದಕ್ಕೆ ಜಾಗ ಇರಲಿಲ್ಲ, ದುಡ್ಡೂ ಇರಲಿಲ್ಲ. ಕೊಂಡೇಬಿಟ್ಟರು, ಅಷ್ಟೇ.

ಆಗ ಇಡೀ ದೇಶವೇ ಟ್ರಾಮು ಬೇಡ ಅನ್ನುತ್ತಿತ್ತು. ಅದಕ್ಕೆ ಕಾರಣ ಬಸ್ಸು ಮಾತ್ರ ಅಲ್ಲ. 1870ರ ಟ್ರಾಮ್ ಕಾಯ್ದೆಯ ಪ್ರಕಾರ ಹಳಿಗಳ ನಡುವಿನ ರಸ್ತೆ, ಜೊತೆಗೆ ಆಚೀಚೆ ಒಂದೂವರೆ ಅಡಿ, ಟ್ರಾಮ್ ನಡೆಸುವವರೇ ರಿಪೇರಿ ಮಾಡಬೇಕಿತ್ತು. ಅದೇ ರಸ್ತೆ ಮೇಲೆ ಬಸ್ಸು, ಲಾರಿ ಎಲ್ಲ ಓಡುತ್ತಿದ್ದವು. ಯುದ್ಧ ಮುಗಿಯುವ ಹೊತ್ತಿಗೆ ಹಳಿಗಳು ಸವೆದಿದ್ದವು, ಹೊಸದು ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಲಂಡನ್ 1952ರಲ್ಲಿ ನಿಲ್ಲಿಸಿತು, ಲೀಡ್ಸ್ 1959ರಲ್ಲಿ, ಶೆಫೀಲ್ಡ್ 1960ರಲ್ಲಿ, ಗ್ಲಾಸ್ಗೋ 1962ರಲ್ಲಿ. ದೊಡ್ಡ ಊರುಗಳ ಪೈಕಿ ಸಮುದ್ರ ತೀರದ ಬ್ಲ್ಯಾಕ್‌ಪೂಲ್ ಮಾತ್ರ ಬಿಡಲಿಲ್ಲ. ಶೆಫೀಲ್ಡಿನ 510ನೇ ಗಾಡಿ ಈಗ ಕ್ರಿಚ್‌ನಲ್ಲಿದೆ. 1950ರಲ್ಲಿ ಕಟ್ಟಿದ್ದು, ಹತ್ತೇ ವರ್ಷಕ್ಕೆ ನಿವೃತ್ತಿ. ಬೀಳ್ಕೊಡುಗೆಗೆಂದು ಅದರ ಮೈಮೇಲೆ ಬರೆದ ಚಿತ್ರಗಳನ್ನು ಹಾಗೇ ಉಳಿಸಿದ್ದಾರೆ. ಅದರ ಮೆತ್ತನೆಯ ಸೀಟಿನಲ್ಲಿ ಕೂತರೆ ಹೊಟ್ಟೆ ಉರಿಯುತ್ತದೆ ಮಾರಾಯ. ಇಷ್ಟು ಗಟ್ಟಿಮುಟ್ಟಾದ ಗಾಡಿಯನ್ನು ಯಾಕಾದರೂ ಬಿಸಾಡಿದರೋ ಅನಿಸುತ್ತದೆ.

1955ರಲ್ಲಿ ಈ ಜನ ಒಂದು ಸೊಸೈಟಿ ಮಾಡಿಕೊಂಡರು. 1959ರಲ್ಲಿ ಕ್ರಿಚ್‌ನ ಸುಣ್ಣದಕಲ್ಲಿನ ಕ್ವಾರಿ ಸಿಕ್ಕಿತು. ರೈಲಿನ ಜಾರ್ಜ್ ಸ್ಟೀಫನ್‌ಸನ್ ಗೊತ್ತಲ್ಲ, ಇಲ್ಲಿಂದ ಕೆಳಗಿನ ಸುಣ್ಣದ ಗೂಡುಗಳಿಗೆ ಕಲ್ಲು ಸಾಗಿಸಲು ಅವನೇ ಒಂದು ಪುಟ್ಟ ರೈಲುದಾರಿ ಹಾಕಿಸಿದ್ದ. ಅದು ಮುಚ್ಚಿದ ಮೇಲೆ ವೇಲ್ಸ್‌ನ ಟ್ಯಾಲಿಲಿನ್ ಎಂಬ ಪುಟ್ಟ ರೈಲನ್ನು ಉಳಿಸುತ್ತಿದ್ದವರು ಹಳಿ ಕಿತ್ತುಕೊಂಡು ಹೋಗಲು ಬಂದಿದ್ದರು. ಆ ಸುದ್ದಿ ಹಿಡಿದು ಟ್ರಾಮಿನವರೂ ಬಂದು ನೋಡಿದರು. ಜಾಗ ಹಿಡಿಸಿತು. 1963ರಲ್ಲಿ ಮೊದಲು ಕುದುರೆ ಟ್ರಾಮ್ ಓಡಿಸಿದರು. 1964ರಲ್ಲಿ ತಂತಿ ಎಳೆದು ಕರೆಂಟ್ ಟ್ರಾಮ್ ಓಡಿಸಿದರು. ಹಳಿ ಹಾಸಿದವರು, ಕಂಬ ನೆಟ್ಟವರು, ಶೆಡ್ ಕಟ್ಟಿದವರು ಬಹುಪಾಲು ರಜೆಯ ದಿನ ಬಂದು ಬಿಟ್ಟಿ ದುಡಿದವರೇ.

ಗಾಡಿಗಳು ಬಂದ ಬಗೆಯೂ ಒಂದೊಂದು ಥರ. ಲೆಸ್ಟರಿನ 76ನೇ ಗಾಡಿ ಯಾರ್ಕ್‌ಶೈರಿನ ಮೈದಾನವೊಂದರಲ್ಲಿ ಕ್ರಿಕೆಟ್ ಆಟಗಾರರ ಪೆವಿಲಿಯನ್ ಆಗಿ ಕೂತಿತ್ತು. ಲಂಡನ್ನಿನದೊಂದು ಯಾರದೋ ಮನೆಯಾಗಿತ್ತು. ಪ್ರಾಗ್‌ನ ಗಾಡಿ ಬಂದದ್ದು 1968ರಲ್ಲಿ, ಸೋವಿಯತ್ ಟ್ಯಾಂಕುಗಳು ಆ ಊರಿಗೆ ನುಗ್ಗಿದ ವರ್ಷವೇ. ಪೋರ್ಟೊ, ಬರ್ಲಿನ್, ಜೊಹಾನ್ಸ್‌ಬರ್ಗ್, ನ್ಯೂಯಾರ್ಕ್ ಗಾಡಿಗಳೂ ಇವೆ.

ಇನ್ನು ನಿನಗೆ ಜಾಸ್ತಿ ಇಷ್ಟವಾಗುವ ವಿಷಯಕ್ಕೆ ಬರುತ್ತೇನೆ: ಯಂತ್ರ. ಹಳೆಯ ಟ್ರಾಮಿನ ಡ್ರೈವರ್ ನಿಂತೇ ಓಡಿಸಬೇಕು. ಎಡಗೈಯಲ್ಲಿ ವೇಗ ಹಿಡಿತದಲ್ಲಿಡುವ ಕಂಟ್ರೋಲರಿನ ಹಿತ್ತಾಳೆ ಹಿಡಿಕೆ, ಬಲಗೈಯಲ್ಲಿ ಬ್ರೇಕ್. ಕಾಲಡಿಯಲ್ಲಿ ಗಂಟೆ ಬಾರಿಸುವ ಗುಂಡಿ. ತಂತಿಯಲ್ಲಿ 600 ವೋಲ್ಟಿನ ಡಿಸಿ ಕರೆಂಟು. ಅದು ಗಾಡಿಯ ಮೇಲಿಂದ ತಂತಿಗೆ ತಾಗುವ ಟ್ರಾಲಿ ಕಂಬದಿಂದ ಇಳಿದು, ಮೋಟಾರು ದಾಟಿ, ಚಕ್ರದ ಮೂಲಕ ಹಳಿಗೆ ಸೇರಿ ವಾಪಸು ಹೋಗುತ್ತದೆ. ಎರಡು ಮೋಟಾರು ಇರುತ್ತವೆ. ಹೊರಡುವಾಗ ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸುತ್ತಾರೆ. ಹಾಗಾಗಿ ಒಂದೊಂದಕ್ಕೆ ಅರ್ಧ ವೋಲ್ಟೇಜ್ ಮಾತ್ರ ಸಿಗುತ್ತದೆ. ಜೊತೆಗೆ ಕರೆಂಟನ್ನು ತಡೆಯುವ ರೆಸಿಸ್ಟೆನ್ಸ್ ಬೇರೆ. ಹಿಡಿಕೆ ಒಂದೊಂದು ಹಂತ ಮುಂದೆ ಹೋದ ಹಾಗೆ ಒಂದೊಂದು ರೆಸಿಸ್ಟೆನ್ಸ್ ಕಳಚುತ್ತದೆ, ಗಾಡಿ ವೇಗ ಹಿಡಿಯುತ್ತದೆ. ಆಮೇಲೆ ಮೋಟಾರುಗಳು ಪ್ಯಾರಲಲ್‌ಗೆ ಬರುತ್ತವೆ, ಅಂದರೆ ಒಂದೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಪೂರ್ತಿ ಜೋರು. ನಡುವಿನ ಹಂತಗಳಲ್ಲಿ ತುಂಬಾ ಹೊತ್ತು ನಿಲ್ಲುವ ಹಾಗಿಲ್ಲ, ರೆಸಿಸ್ಟೆನ್ಸ್ ಕಾದು ಸುಡುತ್ತದೆ. ಅವಸರ ಮಾಡಿದರೆ ಗಾಡಿ ಜಗ್ಗುತ್ತದೆ, ನಿಂತವರು ಮುಗ್ಗರಿಸುತ್ತಾರೆ. ಒಳ್ಳೆಯ ಡ್ರೈವರ್ ಯಾರು ಅಂತ ಕಣ್ಣು ಮುಚ್ಚಿ ಕೂತರೂ ಗೊತ್ತಾಗುತ್ತದೆ.

ನಿಲ್ಲಿಸುವುದು ಇನ್ನೂ ಸೊಗಸು. ಕೈಬ್ರೇಕ್ ಇದ್ದೇ ಇದೆ. ಆದರೆ ಕಂಟ್ರೋಲರನ್ನು ಬ್ರೇಕಿನ ಕಡೆಗೆ ತಿರುಗಿಸಿದರೆ ಮೋಟಾರೇ ಡೈನಮೋ ಆಗುತ್ತದೆ. ಗಾಡಿಯ ಓಟವೇ ಕರೆಂಟಾಗಿ, ಆ ಕರೆಂಟು ಶಾಖವಾಗಿ ಕಳೆದುಹೋಗುತ್ತದೆ. ಕೆಲವು ಗಾಡಿಗಳಲ್ಲಿ ಅದೇ ಕರೆಂಟಿನಿಂದ ಅಯಸ್ಕಾಂತಗಳು ಹಳಿಯನ್ನೇ ಗಟ್ಟಿಯಾಗಿ ಹಿಡಿಯುತ್ತವೆ. ಹೊರಗಿನ ಕರೆಂಟು ಹೋದರೂ ಈ ಬ್ರೇಕು ಕೆಲಸ ಮಾಡುತ್ತದೆ. ಮುಂಭಾಗದ ಕೆಳಗೆ ನೇತಾಡುವ ಒಂದು ಮರದ ಅಡ್ಡಗೇಟು ಇದೆ. ಹಳಿ ಮೇಲೆ ಬಿದ್ದವರು ಅದಕ್ಕೆ ತಗುಲಿದರೆ ಹಿಂದಿನ ತಟ್ಟೆ ಥಟ್ಟನೆ ಕೆಳಗೆ ಬಿದ್ದು, ಮೈ ಚಕ್ರಕ್ಕೆ ಸಿಗದ ಹಾಗೆ ತಡೆಯುತ್ತದೆ. ಎಷ್ಟು ಹಿಂದೆಯೇ ಇಷ್ಟೆಲ್ಲ ಯೋಚನೆ ಮಾಡಿದ್ದರು ನೋಡು.

ನಾನು ಅಲ್ಲಿ ಸ್ವಯಂಸೇವಕ ಕಂಡಕ್ಟರ್. ಗಂಟೆ ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ದಾರಿ ಉದ್ದ ಹೆಚ್ಚಿಲ್ಲ, ಸುಮಾರು ಒಂದೂವರೆ ಕಿಲೋಮೀಟರ್. ಮೊದಲು ಕಲ್ಲು ಹಾಸಿದ ಹಳೆಯ ಬೀದಿ. ಒಂದು ಬದಿಗೆ ಡರ್ಬಿಯ ಅಸೆಂಬ್ಲಿ ರೂಮ್ಸ್ ಕಟ್ಟಡದ ಮುಂಭಾಗ ನಿಂತಿದೆ. 1963ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಆಮೇಲೆ ಆ ಮುಖವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಇಲ್ಲಿ ತಂದು ಜೋಡಿಸಿದರು. ಸೇತುವೆಯ ಕೆಳಗೆ ನುಸುಳಿ ಆಚೆ ಹೋದರೆ ಊರು ಮುಗಿದು ಬಯಲು ಬರುತ್ತದೆ. ಕೆಳಗೆ ಡರ್ವೆಂಟ್ ಕಣಿವೆ, ಗುಡ್ಡದ ಮೇಲೆ ಸೈನಿಕರ ನೆನಪಿನ ಗೋಪುರ. ಛಾವಣಿಯಿಲ್ಲದ ಮಹಡಿಯಲ್ಲಿ ಕೂತರೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಕೊನೆಯ ನಿಲ್ದಾಣ ಗ್ಲೋರಿ ಮೈನ್, ಹಿಂದೆ ಸೀಸದ ಗಣಿ ಇದ್ದ ಜಾಗ. ಅಲ್ಲಿ ಗಾಡಿ ತಿರುಗುವುದಿಲ್ಲ. ಟ್ರಾಲಿ ಕಂಬವನ್ನು ತಂತಿಯಿಂದ ಇಳಿಸಿ, ಅರ್ಧ ಸುತ್ತು ನಡೆಸಿಕೊಂಡು ಹೋಗಿ, ಮತ್ತೆ ತಂತಿಗೆ ಕೂರಿಸಬೇಕು. ಅಷ್ಟರಲ್ಲಿ ಡ್ರೈವರ್ ಹಿಡಿಕೆ ಕಿತ್ತುಕೊಂಡು ಆ ತುದಿಗೆ ಹೋಗಿರುತ್ತಾನೆ. ಸೀಟಿನ ಬೆನ್ನುಗಳನ್ನು ಮಕ್ಕಳು ಪಟಪಟ ಅಂತ ಈಚೆ ಮಗುಚುತ್ತಾರೆ. ಆ ಕೆಲಸ ಮಕ್ಕಳಿಗೇ ಬಿಡಬೇಕು ಅಂತ ನನ್ನ ಅಭಿಪ್ರಾಯ.

ವರ್ಕ್‌ಶಾಪನ್ನು ಮೇಲಿನ ಗ್ಯಾಲರಿಯಿಂದ ನೋಡಬಹುದು. ನಮ್ಮಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ರಿವೈಂಡಿಂಗ್ ಮಾಡಿಸುವುದಿಲ್ಲವೇ, ಇಲ್ಲಿ ಮೋಟಾರಿನೊಳಗೆ ತಿರುಗುವ ಆರ್ಮೇಚರಿಗೆ ಮಾಡುವುದೂ ಅದೇ. ಚಕ್ರದ ಉಕ್ಕಿನ ಪಟ್ಟಿ ಸವೆದರೆ ಲೇತಿನಲ್ಲಿ ಕಡೆಯುತ್ತಾರೆ, ಪೂರ್ತಿ ತೆಳುವಾದರೆ ಹೊಸದನ್ನು ಕಾಯಿಸಿ ತೊಡಿಸುತ್ತಾರೆ. ಕೊಳೆತ ಮರ ಕತ್ತರಿಸಿ ಅದೇ ಜಾತಿಯ ಮರ ಸೇರಿಸುತ್ತಾರೆ. ಬಣ್ಣದ ಕೆಲಸಕ್ಕೆ ವಾರಗಳೇ ಹಿಡಿಯುತ್ತವೆ. ಒಂದು ಪದರ ಒಣಗಿ, ಉಜ್ಜಿ, ಇನ್ನೊಂದು ಪದರ, ಮೇಲೆ ವಾರ್ನಿಶ್. ಬಂಗಾರದ ಗೆರೆ, ಅಕ್ಷರ ಎಲ್ಲ ಕೈಯಲ್ಲೇ.

ಇದರ ಬಗ್ಗೆ ಒಂದು ಜಗಳ ಯಾವಾಗಲೂ ಇದೆ. ಓಡಿಸಿದರೆ ಸವೆಯುತ್ತದೆ, ಸವೆದರೆ ಭಾಗ ಬದಲಿಸಬೇಕು, ಬದಲಿಸುತ್ತಾ ಹೋದರೆ ಹಳೆಯದು ಏನು ಉಳಿಯಿತು ಅಂತ ಕೇಳುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಮೂಲ ಬಣ್ಣ, ಮೂಲ ಮರ ಉಳಿದಿರುವ ಅಪರೂಪದ ಗಾಡಿಗಳನ್ನು ಓಡಿಸದೆ ಇಡುವುದೇ ಸರಿ. ಕ್ರಿಚ್‌ನಲ್ಲೂ ನಿಲ್ಲಿಸಿಟ್ಟ ಗಾಡಿಗಳು ಎಷ್ಟೋ ಇವೆ. ಆದರೆ ಮಿಕ್ಕವು ಓಡಲೇಬೇಕು ಅನ್ನುವವನು ನಾನು. ಈ ಗಾಡಿಗಳು ಊರಿನ ಸೇವೆಯಲ್ಲಿದ್ದಾಗಲೂ ಡಿಪೋದಲ್ಲಿ ಅವುಗಳ ಚಕ್ರ, ಮೋಟಾರು, ಹಲಗೆ ಎಲ್ಲ ಮತ್ತೆ ಮತ್ತೆ ಬದಲಾಗಿದ್ದವು. ಆ ಡಿಪೋ ಕೆಲಸವೇ ಇಲ್ಲಿ ಮುಂದುವರಿದಿದೆ. ಒಂದು ಗಾಡಿ ನಿಂತರೆ ಅದರ ಜೊತೆ ಅದನ್ನು ಓಡಿಸುವ ಕೈ, ರಿಪೇರಿ ಮಾಡುವ ಕೈ, ಕಂಬ ತಿರುಗಿಸುವ ಕೈ ಎಲ್ಲ ನಿಲ್ಲುತ್ತವೆ. ಆ ಕೈಕೆಲಸವನ್ನು ಬರೆದಿಟ್ಟರೆ ಸಾಲದು, ಹಿರಿಯರ ಪಕ್ಕ ನಿಂತು ಕಲಿಯಬೇಕು. ಹದಿಹರೆಯದ ಹುಡುಗ ಹುಡುಗಿಯರು ಎಪ್ಪತ್ತು ದಾಟಿದವರ ಪಕ್ಕ ನಿಂತು ಕಲಿಯುವುದನ್ನು ಇಲ್ಲಿ ನೋಡುತ್ತೇನೆ. ಬೇರೆಲ್ಲದಕ್ಕಿಂತ ನನಗೆ ಅದೇ ಹೆಚ್ಚು.

ನಮ್ಮ ದೇಶದ್ದು ನೆನೆದರೆ ಸಂಕಟ. ಮದ್ರಾಸಿನಲ್ಲಿ 1895ರಲ್ಲೇ ಕರೆಂಟ್ ಟ್ರಾಮ್ ಬಂದಿತ್ತು, 1953ರಲ್ಲಿ ನಿಂತಿತು. ಕೊಲ್ಕತ್ತಾದಲ್ಲಿ 1902ರಿಂದ ಓಡಿದ್ದನ್ನು ಈಗ ಎಸ್ಪ್ಲನೇಡ್–ಮೈದಾನದ ತುಂಡು ದಾರಿಗೆ ಮಾತ್ರ ಉಳಿಸುತ್ತೇವೆ ಅಂತ 2024ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ಅಲ್ಲಿ ಇನ್ನೂ ಕೆಲಸ ಬಲ್ಲವರಿದ್ದಾರೆ, ಹಳಿ ಇದೆ. ಸೌತಾಂಪ್ಟನ್ನಿನಲ್ಲಿ ಗಾಡಿ ಕೊಂಡ ಆ ಜನಕ್ಕೆ ಇಷ್ಟೂ ಇರಲಿಲ್ಲ.

ಮುಂಬೈಯಲ್ಲೂ ಟ್ರಾಮ್ ಇತ್ತು; ಅದನ್ನು ನೆನೆದಾಗ ನಿಮ್ಮ ಅಪ್ಪಯ್ಯನ ನೆನಪಾಯಿತು. ಹುಡುಗನಾಗಿದ್ದಾಗ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದರಲ್ಲ, ರಜೆಯ ದಿನ ಟ್ರಾಮಿನಲ್ಲಿ ಬೋರಿಬಂದರಿಗೆ ಹೋಗಿ ಬರುತ್ತಿದ್ದೆ ಅಂತ ನಮಗೆ ಹೇಳುತ್ತಿದ್ದರು. ಆಗ ನಾವು ಸರಿಯಾಗಿ ಕಿವಿಗೊಡಲಿಲ್ಲ. ಮುಂಬೈಯಲ್ಲಿ 1907ರಲ್ಲಿ ಕರೆಂಟ್ ಟ್ರಾಮ್ ಶುರುವಾಯಿತು, 1920ರಲ್ಲಿ ಡಬಲ್ ಡೆಕ್ಕರ್ ಬಂತು. ಕೊನೆಯ ಗಾಡಿ ಬೋರಿಬಂದರಿನಿಂದ ದಾದರಿಗೆ ಹೋದದ್ದು 1964ರ ಮಾರ್ಚ್ 31ರ ರಾತ್ರಿ. ಅದಾದ ಕೆಲವೇ ತಿಂಗಳಲ್ಲಿ ಕ್ರಿಚ್‌ನಲ್ಲಿ ಮೊದಲ ಕರೆಂಟ್ ಟ್ರಾಮ್ ಹೊರಟಿತು.

ಅದಕ್ಕೇ ನಿನಗೊಂದು ಕೆಲಸ. ಅಪ್ಪಯ್ಯನ ಪಕ್ಕ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳು. ಟಿಕೆಟ್ ಎಷ್ಟಿತ್ತು? ಕಂಡಕ್ಟರ್ ಗಂಟೆ ಹೇಗೆ ಬಾರಿಸುತ್ತಿದ್ದ? ದಾದರಿನಲ್ಲಿ ಕಂಬ ತಿರುಗಿಸುವುದನ್ನು ನೋಡಿದ್ದಾರಾ? ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತರೆ ಏನು ಮಾಡುತ್ತಿದ್ದರು? ಸಣ್ಣದು ಅಂತ ಏನನ್ನೂ ಬಿಡಬೇಡ. ಇಲ್ಲಿನ ನನ್ನ ಜೊತೆಯವರಿಗೆ ಇಂಗ್ಲಿಷಿನಲ್ಲಿ ಹೇಳಿ ಕೇಳಿಸುತ್ತೇನೆ, ಅವರಿಗೆ ಇಂಥದ್ದು ಅಂದರೆ ಜೀವ.

ಇನ್ನೊಂದು. ಬರುವ ಬೇಸಿಗೆಯಲ್ಲಿ ಅವರನ್ನು ಕರೆದುಕೊಂಡು ಬಾ. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ, ಜೂನ್ ಜುಲೈ ಆದರೆ ಚೆನ್ನ. ಮಂಡಿನೋವು, ಮೆಟ್ಟಿಲು ಹತ್ತಲಾರರು ಅಂತ ಯೋಚಿಸಬೇಡ. ಬರ್ಲಿನ್ನಿನಿಂದ ಬಂದ ಗಾಡಿಗೆ ವೀಲ್‌ಚೇರ್ ಎತ್ತುವ ಲಿಫ್ಟ್ ಕೂರಿಸಿದ್ದಾರೆ. ಮುಂಚೆಯೇ ಹೇಳಿದರೆ ಆ ದಿನ ಅದನ್ನು ಹೊರಗೆ ತೆಗೆಸಲು ನಾನು ಕೇಳಿಕೊಳ್ಳುತ್ತೇನೆ. ವೀಸಾಕ್ಕೆ ಬೇಕಾದ ಆಹ್ವಾನ ಪತ್ರ ಯಾವ ತಿಂಗಳಿಗೆ ಬರೆಯಲಿ, ಅಷ್ಟು ತಿಳಿಸು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಹಳೇ ರೂಮ್‌ಮೇಟ್