ಖಾಲಿ ಕಪಾಟಿಗೂ ಒಂದು ಕಾಯ್ದೆ ಬೇಕು: ಕೋಲಾರ ಜಿಲ್ಲೆಯ ಶಾಸಕರಿಗೆ ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಆರೂ ವಿಧಾನಸಭಾ ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ತಾಯಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅವರು ತೋರಿಸಿಕೊಳ್ಳುವ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಸಮಾಧಾನದಿಂದ ನೋಡುತ್ತಾರೆ, ರಕ್ತಪರೀಕ್ಷೆಯೂ ಆಗುತ್ತದೆ. ಆದರೆ ಕಳೆದೆರಡು ಸಲವೂ ಇನ್ಸುಲಿನ್ ಸ್ಟಾಕ್ ಇಲ್ಲವೆಂದು ಹೊರಗೆ ತೆಗೆದುಕೊಳ್ಳಲು ಚೀಟಿ ಬರೆದುಕೊಟ್ಟರು.

ಔಷಧದ ಬೆಲೆ ಕೇಂದ್ರ ಸರ್ಕಾರದ ವಿಷಯ ಎಂದು ತಾವು ಹೇಳಬಹುದು. ಬೆಲೆಯ ಮಟ್ಟಿಗೆ ಅದು ಸರಿಯೇ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. 2017ರಲ್ಲಿ ಹೃದಯದ ಸ್ಟೆಂಟ್‌ಗೂ ಮೊಣಕಾಲಿನ ಕೃತಕ ಕೀಲಿಗೂ ಬೆಲೆಮಿತಿ ಬಂತು. 2021ರಲ್ಲಿ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಸೇರಿದಂತೆ ಐದು ಸಾಧನಗಳ ಮೇಲಿನ ವ್ಯಾಪಾರಿ ಲಾಭಕ್ಕೆ ಕಡಿವಾಣ ಬಿತ್ತು. ಆದರೆ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ. ಆಸ್ಪತ್ರೆಯ ಕಪಾಟು ಖಾಲಿ ಇದ್ದರೆ ಉತ್ತರ ಹೇಳಬೇಕಾದದ್ದು ದೆಹಲಿಯಲ್ಲ, ವಿಧಾನಸೌಧ.

ನೆರೆಯ ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ, ಪ್ರತಿ ಆಸ್ಪತ್ರೆಗೂ ಅದರ ಪಾಲಿನ ಹಣ, ಪಡೆದ ಔಷಧಗಳ ಲೆಕ್ಕವಿರುವ ಪಾಸ್‌ಬುಕ್ ಕೊಟ್ಟು ಔಷಧ ಒದಗಿಸುವ ಕ್ರಮ ತಂದಿತು. ರಾಜಸ್ಥಾನದಲ್ಲಿ 2011ರಿಂದ ಉಚಿತ ಔಷಧ ಯೋಜನೆಯಿದೆ. ನಮ್ಮಲ್ಲಿಯೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಿದೆ. ನಾನು ಕೇಳುತ್ತಿರುವುದು ಮತ್ತೊಂದು ನಿಗಮವನ್ನಲ್ಲ; ಔಷಧ ಸಿಗದೆ ಹಿಂತಿರುಗುವ ರೋಗಿಯ ಕೈಗೆ ಒಂದು ಹಕ್ಕನ್ನು ಕೊಡುವ ಕಾಯ್ದೆಯನ್ನು. ಅಗತ್ಯ ಪಟ್ಟಿಯ ಔಷಧ ದಾಸ್ತಾನಿನಲ್ಲಿ ಇಲ್ಲದಿದ್ದರೆ ಆಸ್ಪತ್ರೆಯೇ ಅದನ್ನು ಸ್ಥಳೀಯವಾಗಿ ಖರೀದಿಸಿ ಅದೇ ದಿನ ಕೊಡಬೇಕು, ತಪ್ಪಿದಲ್ಲಿ ಅಂಗಡಿಯ ರಸೀದಿಯ ಮೊತ್ತವನ್ನು ಗೊತ್ತಾದ ಗಡುವಿನೊಳಗೆ ಮರಳಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ. ಗ್ಲುಕೋಮೀಟರಿನ ಸ್ಟ್ರಿಪ್‌ಗಳೂ ಅದರೊಳಗೆ ಬರಲಿ. ಯಂತ್ರವನ್ನು ಒಮ್ಮೆ ಕೊಂಡರೆ ಮುಗಿಯಿತು, ಸ್ಟ್ರಿಪ್ ಪ್ರತಿ ಸಲವೂ ಹೊಸದು ಬೇಕು. ಕೂಲಿಯವರು ಮೊದಲು ಕೈಬಿಡುವುದು ಆ ಪರೀಕ್ಷೆಯನ್ನೇ.

ದಾಸ್ತಾನಿನ ವಿವರ ದಿನವೂ ಆಸ್ಪತ್ರೆಯ ಬಾಗಿಲಲ್ಲಿ, ಮೊಬೈಲಿನಲ್ಲಿ ಕಾಣುವಂತಿರಲಿ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸು ಇಂದು ಎಷ್ಟಕ್ಕೆ ಹೋಯಿತೆಂಬುದು ಮಧ್ಯಾಹ್ನದೊಳಗೆ ಹಳ್ಳಿಹಳ್ಳಿಗೂ ತಿಳಿಯುತ್ತದೆ. ಇನ್ಸುಲಿನ್ ಇದೆಯೋ ಇಲ್ಲವೋ ಎಂದು ತಿಳಿಯಲು ಮಾತ್ರ ಎಪ್ಪತ್ತು ದಾಟಿದ ನಮ್ಮ ತಾಯಿ ಎರಡು ಬಸ್ಸು ಬದಲಿಸಬೇಕು.

ಮುಂದಿನ ಅಧಿವೇಶನದಲ್ಲಿ ತಮ್ಮಲ್ಲಿ ಒಬ್ಬರಾದರೂ ಈ ಕುರಿತು ಖಾಸಗಿ ವಿಧೇಯಕ (ಸಚಿವರಲ್ಲದ ಶಾಸಕರು ತರುವ ಮಸೂದೆ) ಮಂಡಿಸಬೇಕೆಂದು, ಉಳಿದ ಐವರು ಪಕ್ಷ ನೋಡದೆ ಬೆಂಬಲಿಸಬೇಕೆಂದು ಕೋರುತ್ತೇನೆ.

ಇತಿ,
ಜಿಲ್ಲೆಯ ಒಬ್ಬ ಮತದಾರ