ವಿಷಯ: ಮಂಗಳೂರು–ದುಬೈ ವಿಮಾನದ ಪ್ರಯಾಣದ ಅವಧಿ ತಪ್ಪಾಗಿ ತೋರಿಸಿದ್ದರ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದವರಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಆ್ಯಪ್‌ನಲ್ಲಿ ಅಮ್ಮನಿಗೆ ಮಂಗಳೂರಿನಿಂದ ದುಬೈಗೆ ಹೋಗಿಬರುವ ಟಿಕೆಟ್ ಮಾಡಿಸಿದ್ದೆ. ತಂಗಿ ಅಲ್ಲಿದ್ದಾಳೆ. ಹೊರಡುವುದು ಬೆಳಿಗ್ಗೆ 9:10, ತಲುಪುವುದು 11:30. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಪ್ರಯಾಣದ ಅವಧಿ 2 ಗಂಟೆ 20 ನಿಮಿಷ’ ಅಂತ ಇತ್ತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಹಿಡಿದದ್ದು 3 ಗಂಟೆ 50 ನಿಮಿಷ. ವಿಮಾನವೇನೂ ತಡವಾಗಿರಲಿಲ್ಲ. 11:30 ಅನ್ನುವುದು ದುಬೈ ಗಡಿಯಾರದ ಹೊತ್ತು, ಅದು ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಿಮ್ಮ ಆ್ಯಪ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸುಮ್ನೆ 11:30ರಲ್ಲಿ 9:10 ಕಳೆದುಬಿಟ್ಟಿದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಐದೂವರೆಗೆ ಎರಡು ನೀರುದೋಸೆ ತಿಂದು, ಮಾತ್ರೆ ತಗೊಂಡು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ಚಪಾತಿ ಡಬ್ಬಿ ಕೈಯಲ್ಲೇ ಇತ್ತು. ‘ಎರಡು ಗಂಟೆಗೆ ಇದೆಲ್ಲ ಯಾಕೆ’ ಅಂತ ನಾನೇ ಅದನ್ನು ದೊಡ್ಡ ಬ್ಯಾಗಿಗೆ ಹಾಕಿ ಚೆಕ್-ಇನ್ ಮಾಡಿಸಿದೆ. ಟಿಕೆಟ್‌ನಲ್ಲಿ ಊಟ ಸೇರಿರಲಿಲ್ಲ. ಅಮ್ಮನ ವಾಚಿನಲ್ಲಿ ಹನ್ನೊಂದೂವರೆ ಆದಾಗ ಕಿಟಕಿಯಾಚೆ ಬರೀ ಸಮುದ್ರ. ಏನೋ ತೊಂದರೆಯಾಗಿದೆ ಅಂತ ಗಾಬರಿ ಬೇರೆ. ಹನ್ನೆರಡು ದಾಟುವಷ್ಟರಲ್ಲಿ ಕೈ ನಡುಗಲು ಶುರುವಾಯಿತಂತೆ. ಪಕ್ಕದ ಸೀಟಿನ ಹೆಂಗಸು ಬಿಸ್ಕತ್ತು ಕೊಟ್ಟು ಉಳಿಸಿದರು.

ನಾನೂ ನೋಡಿಕೊಳ್ಳಬೇಕಿತ್ತು, ಒಪ್ಪುತ್ತೇನೆ. ಆದರೆ ‘ಅವಧಿ’ ಅಂತ ನೀವೇ ಬರೆದುಕೊಟ್ಟ ಮೇಲೆ ಅದನ್ನು ಮತ್ತೆ ಕೂಡಿ ಕಳೆದು ಯಾರು ನೋಡುತ್ತಾರೆ?

ಫೋನ್ ಮಾಡಿದರೆ ನಿಮ್ಮವರು ‘ಅದು ಅಂದಾಜು ಸಮಯ ಸರ್’ ಅಂದರು. ಎಂಥ ಅಂದಾಜು? ನಿಮ್ಮದೇ ಪುಟದಲ್ಲಿ ದೂರ ಸುಮಾರು 2,460 ಕಿ.ಮೀ. ಅಂತಿದೆ, ಅದು ಸರಿಯೇ. ಅಷ್ಟು ದೂರ 2 ಗಂಟೆ 20 ನಿಮಿಷದಲ್ಲಿ ಹೋಗಬೇಕಾದರೆ ಗಂಟೆಗೆ 1,050 ಕಿ.ಮೀ. ವೇಗ ಬೇಕು. ಇಂಥ ಪ್ರಯಾಣಿಕರ ವಿಮಾನಗಳು ಮೇಲೆ ಹಾರುವಾಗಲೂ 850ರ ಆಸುಪಾಸಿನಲ್ಲಿರುತ್ತವೆ. ರನ್‌ವೇವರೆಗೆ ತೆವಳುವುದು, ಏರುವುದು, ಇಳಿಯುವುದು ಎಲ್ಲ ಸೇರಿದರೆ ಸರಾಸರಿ ಇನ್ನೂ ಕಡಿಮೆ.

ವಾಪಸ್ ಟಿಕೆಟ್ ನೋಡಿದರೆ ನಗು ಬರುತ್ತದೆ. ದುಬೈ ಬಿಡುವುದು 12:10, ಮಂಗಳೂರು ತಲುಪುವುದು ಸಂಜೆ 5:00. ನಿಮ್ಮ ಲೆಕ್ಕದಲ್ಲಿ 4 ಗಂಟೆ 50 ನಿಮಿಷ! ಸರಿಯಾದ ಲೆಕ್ಕ 3 ಗಂಟೆ 20 ನಿಮಿಷ. ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಬರುವಾಗ ಹಿಂದಿನಿಂದ ತಳ್ಳುವುದರಿಂದ ಅರ್ಧ ಗಂಟೆ ಉಳಿಯುವುದು ಸಹಜ. ಅದೇ ದಾರಿಗೆ ಎರಡೂವರೆ ಗಂಟೆ ಜಾಸ್ತಿ ಆಗುವುದು ಯಾವ ಗಾಳಿಯಿಂದ?

ನನ್ನ ಬೇಡಿಕೆ ಇಷ್ಟೇ. ಅವಧಿಯ ಲೆಕ್ಕ ಸರಿಪಡಿಸಿ, ಪ್ರತಿ ಸಮಯದ ಪಕ್ಕದಲ್ಲೂ ‘ದುಬೈ ಸಮಯ’, ‘ಭಾರತದ ಸಮಯ’ ಅಂತ ಹಾಕಿ. ನನ್ನಿಂದ ಪಡೆದ ಕನ್ವೀನಿಯೆನ್ಸ್ ಶುಲ್ಕ ಹಿಂದಿರುಗಿಸಿ. ಅಮ್ಮ ಇದೇ 24ಕ್ಕೆ ವಾಪಸ್ ಬರುತ್ತಾರೆ. ಅದಕ್ಕೆ ಮೊದಲು ತಿದ್ದಿದ ಟಿಕೆಟ್ ಪ್ರತಿ ನನಗೂ ತಂಗಿಗೂ ಕಳಿಸಿ. ‘ಅಂದಾಜು’ ಅನ್ನುವ ಉತ್ತರ ಮತ್ತೆ ಬೇಡ.

ಇಂತಿ,
ನಿಮ್ಮ ಗ್ರಾಹಕ
ಮಂಗಳೂರು