ಬಸ್ ಖಾಲಿ ಓಡೋದಕ್ಕೆ ಜನ ಕಾರಣ ಅಲ್ಲ

ಸಂಪಾದಕರೇ, ಸಣ್ಣ ಸಿಟಿಗಳಲ್ಲಿ ಬಸ್ ಖಾಲಿ ಓಡ್ತಿವೆ ಅಂತ ದೂರ್ತಾರೆ, ಆದ್ರೆ ಗಂಟೆಗೊಂದು ಬಸ್ ಬಿಟ್ರೆ ಯಾರು ಹತ್ತಾರೆ ಹೇಳಿ, ಟೈಮ್ ನೋಡದೆ ಸ್ಟಾಪಿಗೆ ಬಂದೋರು ಸರಾಸರಿ 30 ನಿಮಿಷ ಕಾಯ್ಬೇಕು, 15 ನಿಮಿಷಕ್ಕೊಂದು ಬಿಟ್ರೆ ಏಳೆಂಟೇ ನಿಮಿಷ. ಇರೋ ಬಸ್ಸುಗಳನ್ನ ಗಲ್ಲಿ ಗಲ್ಲಿ ಸುತ್ತಿಸೋ ಬದಲು ಮೇನ್ ರೂಟಲ್ಲಿ ನೇರ ಓಡಿಸಿದ್ರೆ ಇದು ಖಂಡಿತ ಆಗುತ್ತೆ. ಹಾಗಂತ ಹೊರವಲಯದವ್ರನ್ನ ಕೈಬಿಡಿ ಅಂತಲ್ಲ (ವಯಸ್ಸಾದವ್ರು ಎಷ್ಟು ದೂರ ನಡೀತಾರೆ ಪಾಪ), ಆ ಕಡೆ ಬಸ್ಸುಗಳೆಲ್ಲ ಒಂದೇ ಹೊತ್ತಿಗೆ ಸ್ಟಾಂಡಿಗೆ ಬಂದು ಐದು ನಿಮಿಷ ನಿಂತು ಒಟ್ಟಿಗೆ ಹೊರಟ್ರೆ ಬಸ್ ಬದಲಾಯಿಸೋದು ತಲೆನೋವೇ ಅಲ್ಲ, ಟಿಕೆಟ್ ಮಾತ್ರ ಒಂದೇ ಇರ್ಲಿ. ಆಮೇಲೆ ರಾತ್ರಿ ಕೊನೇ ಬಸ್ ಬೇಗ ನಿಲ್ಲಿಸ್ಬೇಡಿ, ವಾಪಸ್ ಬರೋದು ಗ್ಯಾರಂಟಿ ಇಲ್ಲ ಅಂದ್ರೆ ಜನ ಬೆಳಿಗ್ಗೇನೇ ಬೈಕ್ ತಗೊಂಡು ಹೋಗ್ತಾರೆ.

– ಒಬ್ಬ ಪ್ರಯಾಣಿಕ